ಉಣ್ಣೆ ಯಾರ ನಾಯಿ

ನಮ್ಮ ಅಂಗಡಿಯಲ್ಲಿ ದುಡಿಯುವವರು ನಾವಿಬ್ಬರು, ಮಲಗಿಕೊಂಡೇ ಯಜಮಾನಿಕೆ ಮಾಡುವುದು ಒಂದು ನಾಯಿ. ಗಿರಾಕಿಗಳ ಎದುರಿಗೆ ನಾನು ಹೀಗೆ ಹೇಳಿದಾಗಲೆಲ್ಲ ಅಕ್ಕನಿಗೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು. ನನಗೆ ಬೇಕಾಗಿದ್ದುದೂ ಅದೇ.

ಅಂಗಡಿಯೆಂದರೆ ದೊಡ್ಡದೇನಲ್ಲ. ಹೊಸ ಬಟ್ಟೆ ಹೊಲಿಯುವುದನ್ನು ನಾವು ಬಿಟ್ಟು ಬಹಳ ಕಾಲವಾಯಿತು. ಈಗ ಜನ ಸಿದ್ಧ ಉಡುಪು ಕೊಂಡುಕೊಂಡು, ಅದು ಮೈಗೆ ಒಪ್ಪದಿದ್ದಾಗ ನಮ್ಮ ಹತ್ತಿರ ಬರುತ್ತಾರೆ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೆಟ್ಟ ಜಿಪ್ ಬದಲಿಸುವುದು, ಹೊಟ್ಟೆ ಬಂದವರಿಗೆ ಸೊಂಟ ಬಿಡುವುದು, ಹೊಟ್ಟೆ ಕರಗಿಸಿದವರಿಗೆ ಸೊಂಟ ಹಿಡಿಯುವುದು, ಇಷ್ಟೇ ಕೆಲಸ. ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಕ್ಕ, ಭಾವ. ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು. ನನಗೂ ಒಂದು ಮದುವೆಯಾಗಿತ್ತು. ಸರಿಹೋಗಲಿಲ್ಲ, ಎದ್ದು ಬಂದೆ. ಆ ವಿಷಯದಲ್ಲಿ ಹೇಳುವುದು ಅಷ್ಟೇ. ಬಂದ ದಿನ ಅಕ್ಕ ಬಾಗಿಲು ತೆಗೆದಳು, ಏನಾಯಿತು ಅಂತ ಕೇಳಲಿಲ್ಲ, ಎರಡನೆಯ ಹೊಲಿಗೆ ಯಂತ್ರದ ಮುಂದೆ ಕೂರಿಸಿ “ತುಳಿ” ಅಂದಳು.

ತುಳಿ, ಬಿಚ್ಚು, ಹೊಲಿ, ಮಡಿಸು. ಅಕ್ಕ ನನಗೆ ಕೆಲಸ ಹೇಳುತ್ತಿದ್ದುದು ಹೀಗೆ, ಒಂದೊಂದೇ ಮಾತಿನಲ್ಲಿ. ಸದಾ ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡಿರುವವಳು ಎರಡು ಮಾತು ಆಡುವುದಾದರೂ ಹೇಗೆ? ಭಾವನಿಗೆ ಮಾತ್ರ ಪಿನ್ನು ತೆಗೆದಿಟ್ಟು ಮಾತಾಡುತ್ತಿದ್ದಳು. ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ. ಅದೆಲ್ಲ ನನಗೆ ದಕ್ಕದ ಮರ್ಯಾದೆ.

ನಾಯಿಯನ್ನು ತಂದವರು ಭಾವನೇ. ಅವರು ಲಿಫ್ಟ್ ರಿಪೇರಿ ಮಾಡುವವರು. ಯಾವುದೋ ಎತ್ತರದ ಕಟ್ಟಡದಲ್ಲಿ ಮನೆ ಖಾಲಿ ಮಾಡುತ್ತಿದ್ದವರು ಇದನ್ನು ಅವರ ಕೈಗೆ ಕೊಟ್ಟರಂತೆ. ಭಾವನಿಗೆ ಇಲ್ಲ ಅನ್ನುವುದಕ್ಕೆ ಬಾಯಿ ಬರುವುದಿಲ್ಲ. ಸಾಮಾನಿನ ಚೀಲದಲ್ಲಿ ಸ್ಪ್ಯಾನರುಗಳ ಪಕ್ಕದಲ್ಲಿ ಕೂತು ಬಂದಿತು, ಚಪ್ಪಟೆ ಮೂಗು, ಮುಂದಕ್ಕೆ ಬಂದ ಗೋಲಿಗಣ್ಣು, ನೆಲ ಗುಡಿಸುವಷ್ಟು ಕೂದಲು. ಶಿಟ್ಜು ಜಾತಿಯಂತೆ. ಹೆಸರು ಕೇಳಿ ಯಾರೋ ಸೀನಿದರೆಂದುಕೊಂಡೆ. ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ಉಣ್ಣೆ ಅಂತ ಕರೆದಳು. ನಾಯಿಗೆ ಹತ್ತಿಕೊಂಡು ರಕ್ತ ಹೀರುವ ಹುಳಕ್ಕೂ ಅದೇ ಹೆಸರಲ್ಲವೇ, ನನಗೆ ಆ ಅರ್ಥವೇ ಸರಿಯೆನಿಸಿತು. ಅಕ್ಕನಿಗೆ ಅಂಟಿಕೊಂಡದ್ದು ಬಿಡಲೇ ಇಲ್ಲ.

ಇಂಥ ನಾಯಿಯನ್ನು ಇಟ್ಟುಕೊಳ್ಳುವುದೆಂದರೆ ಕೂಸನ್ನು ಇಟ್ಟುಕೊಂಡ ಹಾಗೆ, ದೊಡ್ಡದಾಗಿ ಸ್ಕೂಲಿಗೆ ಹೋಗುವ ಆಸೆಯೂ ಇಲ್ಲ. ದಿನಾ ಬೆಳಗ್ಗೆ ಯಂತ್ರದ ಸ್ವಿಚ್ಚು ಹಾಕುವ ಮೊದಲು ಅಕ್ಕ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಒಂದು ಹಳೆಯ ದುಪ್ಪಟಿ ಹಾಸಿ ಅದನ್ನು ಕೂರಿಸುತ್ತಿದ್ದಳು. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಎರಡು ಕಣ್ಣನ್ನೂ ಒರೆಸಬೇಕು, ಒಂದು ಕಣ್ಣಿನ ಹತ್ತಿ ಇನ್ನೊಂದಕ್ಕೆ ಮುಟ್ಟಿಸಬಾರದು. ಕಣ್ಣಿಗೆ ಬೀಳುವ ಕೂದಲನ್ನು ಎತ್ತಿ ಜುಟ್ಟು ಕಟ್ಟಬೇಕು. ಕಿವಿಯ ಹಿಂದೆ, ಕಂಕುಳಿನಲ್ಲಿ ಗಂಟಾಗಿದೆಯೇ ಅಂತ ಬೆರಳು ಹಾಕಿ ನೋಡಬೇಕು. ಉಂಡ ಮೇಲೆ ಮೀಸೆ ತೊಳೆಯಬೇಕು. ಬಿಸಿಲಲ್ಲಿ ನಡೆಸುವಂತಿಲ್ಲ, ಆ ಮೂಗಿನಲ್ಲಿ ಉಸಿರು ಹೋಗಿ ಬರುವುದೇ ದೊಡ್ಡದು. ಸೋಫಾದಿಂದ ಹಾರಲು ಬಿಡುವಂತಿಲ್ಲ, ಬೆನ್ನು ನೋಯುತ್ತದೆ.

“ಮೇಲೆ ಮೇಲೆ ಬಾಚಿದ್ರೆ ನೋಡೋಕೆ ಚೆಂದ, ಒಳಗೆ ಗಂಟು ಹಾಗೇ ಇರುತ್ತೆ,” ಅನ್ನುತ್ತಿದ್ದಳು ಅಕ್ಕ, ಆ ಹೊತ್ತಿಗೆ ಬಾಯಲ್ಲಿ ಪಿನ್ನಿರುತ್ತಿರಲಿಲ್ಲವಾದ್ದರಿಂದ. “ಚರ್ಮದವರೆಗೂ ಹೋಗ್ಬೇಕು.”

“ನನ್ನ ತಲೆ ಬಾಚೋಕೆ ನನಗೆ ಪುರುಸೊತ್ತಿಲ್ಲ,” ಅನ್ನುತ್ತಿದ್ದೆ ನಾನು, ಗಿರಾಕಿಯ ಕಪ್ಪು ಪ್ಯಾಂಟಿನ ಮೇಲಿಂದ ಬಿಳಿ ಕೂದಲು ಆರಿಸುತ್ತಾ. “ಕರಿ ಬಟ್ಟೆ ಹೊಲಿದು ಹೊಲಿದು ಉಣ್ಣೆ ಬಟ್ಟೆ ಮಾಡಿ ಕೊಡ್ತಿದೀವಿ. ಸಾಕಪ್ಪ ಸಾಕು ಈ ಪೀಡೆ.”

ಹಾಗೆ ಒಂದು ಬೆಳಗ್ಗೆ ನಾನು ಇಸ್ತ್ರಿಪೆಟ್ಟಿಗೆ ಹಿಡಿದು ಗೊಣಗುತ್ತಿದ್ದಾಗ ಅಕ್ಕನ ಕೈಯಿಂದ ಬಾಚಣಿಗೆ ಕೆಳಗೆ ಬಿತ್ತು. ಅಕ್ಕ ಎತ್ತಿಕೊಳ್ಳಲಿಲ್ಲ. ಬಿದ್ದ ಬಾಚಣಿಗೆಯನ್ನೇ ನೋಡುತ್ತ ನಿಂತಿದ್ದಳು. “ಎತ್ಕೊಡ್ಲಾ ಮಹಾರಾಣಿ?” ಅಂದೆ. ತಿರುಗಿದಳು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ನಾಯಿ ಮೇಜಿನ ಅಂಚಿನಲ್ಲಿ ನಿಂತು ಒಂದೇ ಸಮನೆ ಬೊಗಳಿತು. ಆ ಮೇಲಿನದೆಲ್ಲ ನನಗೆ ಸರಿಯಾಗಿ ನೆನಪಿಲ್ಲ. ಎದುರಿನ ಚಪ್ಪಲಿ ಅಂಗಡಿಯವನು ಅವನ ವ್ಯಾನು ತಂದ, ನಾನು ಅಕ್ಕನ ತಲೆ ಹಿಡಿದುಕೊಂಡು ಕೂತೆ, ಇಸ್ತ್ರಿಪೆಟ್ಟಿಗೆ ಆರಿಸಿದ್ದೆನೋ ಇಲ್ಲವೋ ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಅಕ್ಕ ಸಾಯುತ್ತಿರಬಹುದು ಅಂತ ಯೋಚಿಸುವ ಧೈರ್ಯ ಇರಲಿಲ್ಲ, ಅದಕ್ಕೇ.

ಅಕ್ಕ ಉಳಿದಳು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಮಾತು ಹೋಗಿತ್ತು. ಒಳಗೆ ಎಲ್ಲ ತಿಳಿಯುತ್ತದೆ, ಹೊರಗೆ ಬರುವ ದಾರಿ ಮಾತ್ರ ಕಟ್ಟಿಹೋಗಿದೆ, ನಿಧಾನಕ್ಕೆ ತೆರೆದುಕೊಳ್ಳಬಹುದು ಅಂದರು ಡಾಕ್ಟರು. ಕೆಲವು ದಿನಗಳ ಮೇಲೆ ಒಂದೆರಡು ಮಾತು ಬಂದವು. ಹೂಂ ಅನ್ನುತ್ತಿದ್ದಳು. ನೀರು ಅನ್ನುತ್ತಿದ್ದಳು. ನರ್ಸಮ್ಮ ಚಮಚದಲ್ಲಿ ಗಂಜಿ ಕುಡಿಸುವಾಗ ತುಟಿ ಬಿಗಿದು “ಸಾಕು” ಅಂದಳು. ಭಾವ ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದರು. ಅಷ್ಟು ವರ್ಷ ಬಾಳಿದ ಹೆಂಡತಿ ಒಂದು ಮಾತಾಡಿದ್ದಕ್ಕೆ ಗಂಡಸು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

ಇತ್ತ ಮನೆಯಲ್ಲಿ ನಾಯಿ ಅಕ್ಕನ ಕುರ್ಚಿಯ ಕೆಳಗೆ ಮಲಗಿದ್ದು ಏಳುತ್ತಿರಲಿಲ್ಲ. ಬಟ್ಟಲು ಮುಂದಿಟ್ಟರೆ ನನ್ನನ್ನು ನೋಡುವುದು, ಬಾಗಿಲನ್ನು ನೋಡುವುದು. “ನನ್ನ ಮುಖ ಏನ್ ನೋಡ್ತೀಯ, ತಿನ್ನು,” ಅಂತ ಗದರಿದೆ. ಕೊನೆಗೆ ಬೇಯಿಸಿದ ಕೋಳಿಯನ್ನು ಎಳೆಯೆಳೆಯಾಗಿ ಬಿಡಿಸಿ ಅಂಗೈಯಲ್ಲಿ ಹಿಡಿದ ಮೇಲೆ ಒಂದಿಷ್ಟು ತಿಂದಿತು. ಕಣ್ಣಿನ ಕೆಳಗೆ ಪಿಸುರು ಕಟ್ಟಿತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೇಜಿನ ಮೇಲೆ ದುಪ್ಪಟಿ ಹಾಸಿದೆ. ನನಗೆ ಬಾಚಲು ಬರುವುದಿಲ್ಲ ಅಂದುಕೊಂಡಿದ್ದೆ. ಆದರೆ ಸಿಕ್ಕಾದ ದಾರ ಬಿಡಿಸುವುದು ನನ್ನ ಹೊಟ್ಟೆಪಾಡು. ಗಂಟಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ತುದಿಯಿಂದ ಬಿಡಿಸುತ್ತ ಬಂದರೆ ಎಳೆಯೂ ತುಂಡಾಗುವುದಿಲ್ಲ, ಬಟ್ಟೆಗೂ ಗೊತ್ತಾಗುವುದಿಲ್ಲ. ನಾಯಿಗೂ ಗೊತ್ತಾಗಲಿಲ್ಲ. ಬಾಚುತ್ತಿದ್ದ ಹಾಗೇ ನನ್ನ ಮೊಣಕೈ ಮೇಲೆ ಗಲ್ಲವಿಟ್ಟು ಗೊರಕೆ ಹೊಡೆಯಿತು. ಇದನ್ನೆಲ್ಲ ನಾನು ಯಾರಿಗೂ ಹೇಳಲಿಲ್ಲ. ಬಾಯಲ್ಲಿ ಮಾತ್ರ ಅದನ್ನು ಬೈಯುವುದನ್ನು ನಿಲ್ಲಿಸಲಿಲ್ಲ, ಅದೊಂದು ಚಟ.

ಆ ಬೈಗುಳವನ್ನು ಭಾವ ನಿಜವೆಂದು ನಂಬಿಕೊಂಡಿದ್ದರು. ಅಕ್ಕನನ್ನು ಮನೆಗೆ ಕರೆತರುವ ದಿನ ಹತ್ತಿರವಾದಾಗ ಆಸ್ಪತ್ರೆಯಲ್ಲಿ ಡಾಕ್ಟರು, ನೆಲದ ಮೇಲೆ ಕಾಲಿಗೆ ಸಿಗುವಂಥದ್ದು ಏನೂ ಇರಬಾರದು, ವಾಕರ್ ಹಿಡಿದು ನಡೆಯುವಾಗ ಎಡವಿದರೆ ಕಷ್ಟ ಅಂದರು. ಕಾಲಿಗೆ ಸಿಗುವುದೇ ನಮ್ಮ ಉಣ್ಣೆಯ ಕಸುಬು. ಭಾವ ನನ್ನ ಮುಖ ನೋಡಿದರು, ಆಮೇಲೆ ಅಕ್ಕನ ಹಾಸಿಗೆಯ ಪಕ್ಕ ಕೂತರು. ನಾನು ಕಾಲ ಬುಡದಲ್ಲಿ ನಿಂತು ಹೊದಿಕೆ ಮಡಿಸುತ್ತಿದ್ದೆ.

“ನೋಡು, ನಾನು ಬೆಳಗ್ಗೆ ಹೋದ್ರೆ ಬರೋದು ಕತ್ತಲಾದ ಮೇಲೆ,” ಅಂದರು. “ಇವಳಿಗೆ ಅಂಗಡಿ, ನಿನ್ನ ಆರೈಕೆ, ಎಲ್ಲಾ ಆಗ್ಬೇಕು. ಉಣ್ಣೇನ ಏನ್ ಮಾಡೋಣ ಹೇಳು. ಒಳ್ಳೆ ಮನೆಯವರು ಯಾರಾದ್ರೂ ಸಿಕ್ಕಿದ್ರೆ ಕೊಟ್ಬಿಡೋಣ್ವಾ?”

ಅಕ್ಕನ ಬಾಯಿ ಮಾತು ಹುಡುಕಿತು. ಎಡಗೈ ಎತ್ತಿದಳು. ಬಹಳ ಕಷ್ಟಪಟ್ಟು, “ಸಾಕು,” ಅಂದಳು.

ಭಾವ ತಲೆಯಾಡಿಸಿದರು. ಅವಳ ಕೈ ಹಿಡಿದು, “ನನಗ್ ಗೊತ್ತು, ನಿನಗೂ ಕಷ್ಟ,” ಅಂದರು. ನಾನೂ ಹಾಗೇ ಅಂದುಕೊಂಡೆ. ಹಾಸಿಗೆ ಹಿಡಿದವಳಿಗೆ ನಾಯಿಯ ಗೊಡವೆ ಸಾಕಾಗಿದೆ, ಪಾಪ, ಯಾರಿಗೆ ತಾನೇ ಆಗುವುದಿಲ್ಲ. ಗಂಜಿಗೆ ಅಂದಿದ್ದೂ ಅದೇ ಮಾತಲ್ಲವೇ.

ಭಾವ ರಿಪೇರಿಗೆ ಹೋಗುವ ಒಂದು ಕಟ್ಟಡದ ಕೆಳಗೆ ಕನ್ನಡಕದ ಅಂಗಡಿಯಿದೆ. ಆ ಅಂಗಡಿಯ ಗಂಡ ಹೆಂಡತಿ ಇಂಥದ್ದೇ ಒಂದು ನಾಯಿ ಬೇಕೆಂದು ಬಹಳ ದಿನದಿಂದ ಕೇಳುತ್ತಿದ್ದರಂತೆ. ಮಾರನೆಯ ದಿನ ಭಾವ ಉಣ್ಣೆಯನ್ನು, ಅದರ ಬುಟ್ಟಿ, ಬಾಚಣಿಗೆ, ಎದೆಗೆ ಕಟ್ಟುವ ಪಟ್ಟಿ ಎಲ್ಲವನ್ನೂ ತೆಗೆದುಕೊಂಡು ಹೋದರು. ನಾಯಿ ಭಾವನ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿತ್ತು. “ಹೋಗು, ಹೋಗಿ ಅವರ ಕರಿ ಪ್ಯಾಂಟ್ ಹಾಳು ಮಾಡು,” ಅಂದೆ.

ಅಂಗಡಿಯನ್ನು ಮೂಲೆಮೂಲೆಯೂ ಬಿಡದೆ ಗುಡಿಸಿದೆ. ಬಟ್ಟೆಗಳ ಮೇಲೆ ಒಂದು ಎಳೆ ಕೂದಲಿಲ್ಲ. ಹಾಯೆನಿಸಬೇಕಿತ್ತು, ಅನ್ನಿಸಲಿಲ್ಲ. ಯಂತ್ರ ನಿಲ್ಲಿಸಿದರೆ ಅಂಗಡಿಯಲ್ಲಿ ಸದ್ದೇ ಇರುತ್ತಿರಲಿಲ್ಲ. ಆ ಚಪ್ಪಟೆ ಮೂಗಿನ ಗೊರಕೆಗೆ ನನ್ನ ಕಿವಿ ಅಷ್ಟು ಒಗ್ಗಿಹೋಗಿದೆಯೆಂದು ನನಗೇ ತಿಳಿದಿರಲಿಲ್ಲ. ಎದ್ದು ಓಡಾಡುವಾಗ ಅದು ಮಲಗುತ್ತಿದ್ದ ಜಾಗವನ್ನು ಬಳಸಿಕೊಂಡು ಹೋಗುತ್ತಿದ್ದೆ. ಗಿರಾಕಿಯೊಬ್ಬಳು “ನಿಮ್ ಮರಿ ಎಲ್ಲಿ?” ಅಂತ ಕೇಳಿದ್ದಕ್ಕೆ, “ಮರಿ ಅಂತೆ ಮರಿ, ನಿಮ್ಮ ಬ್ಲೌಸಿಗೆ ನಾಳೆ ಬನ್ನಿ,” ಅಂತ ಸಿಡುಕಿದೆ. ಬ್ಲೌಸು ಆಗಲೇ ಆಗಿತ್ತು.

ಅಕ್ಕ ಮನೆಗೆ ಬಂದಳು. ಮಹಡಿ ಹತ್ತಿಸುವುದು ಬೇಡವೆಂದು ಕೆಳಗಿನ ನನ್ನ ಕೋಣೆಯಲ್ಲಿಯೇ ಅವಳಿಗೆ ಮಂಚ ಹಾಕಿದೆವು. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಅವಳ ಕಣ್ಣು ಕುರ್ಚಿಯ ಕೆಳಗೆ ಹೋಯಿತು. ಮೇಜಿನ ಕೆಳಗೆ ನೋಡಿದಳು. ಮಂಚದ ಮೇಲೆ ಕೂತು ಎಡಗೈಯಲ್ಲಿ ತೊಡೆ ತಟ್ಟಿದಳು. ಆ ಸದ್ದಿಗೆ ಉಣ್ಣೆ ಎಲ್ಲಿದ್ದರೂ ಉರುಳಿಕೊಂಡು ಬರುತ್ತಿತ್ತು. ಈಗ ಯಾರು ಬರುತ್ತಾರೆ? ಮತ್ತೆ ತಟ್ಟಿದಳು.

“ಒಳ್ಳೆ ಮನೆಗೆ ಕೊಟ್ಟಿದೀನಿ,” ಅಂದರು ಭಾವ. “ತುಂಬಾ ಚೆನ್ನಾಗಿ ನೋಡ್ಕೋತಾರೆ. ನೀನೇ ಹೇಳಿದ್ಯಲ್ಲ, ಸಾಕು ಅಂತ.”

ಅಕ್ಕ ಅವರನ್ನು ನೋಡಿದ ನೋಟ ಇದ್ದಕ್ಕಿದ್ದ ಹಾಗೆ ಕೆನ್ನೆಗೆ ಹೊಡೆಸಿಕೊಂಡವಳ ನೋಟ. ತಲೆಯನ್ನು ಆ ಕಡೆ ಈ ಕಡೆ ಆಡಿಸಿದಳು. ಮಂಚವನ್ನು ಗುದ್ದಿದಳು. “ಸಾಕು! ಸಾಕು!” ಅಂತ ಕೂಗಿದಳು, ಕಣ್ಣಲ್ಲಿ ನೀರು.

“ಆಯ್ತು, ಆಯ್ತು, ಆ ಮಾತೇ ಎತ್ತಲ್ಲ,” ಅಂತ ಭಾವ ಸಮಾಧಾನ ಮಾಡಹೋದರು. ಅಕ್ಕ ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗಿಬಿಟ್ಟಳು.

ಅಂದಿನಿಂದ ಅವಳು ಯಾವುದಕ್ಕೂ ಮನಸ್ಸು ಮಾಡಲಿಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದಾಕೆ ಕೈಗೆ ರಬ್ಬರ್ ಚೆಂಡು ಕೊಟ್ಟರೆ ಹಿಡಿಯುತ್ತಿರಲಿಲ್ಲ, ಚೆಂಡು ಉರುಳಿ ಮಂಚದ ಕೆಳಗೆ ಹೋಗುತ್ತಿತ್ತು. ಮಾತು ಕಲಿಸುವಾಗ ಬಾಯಿಯೇ ತೆರೆಯುತ್ತಿರಲಿಲ್ಲ. “ಇವರೇ ಪ್ರಯತ್ನ ಪಡದಿದ್ರೆ ಬಂದಿರೋ ಮಾತೂ ಹೋಗುತ್ತೆ,” ಅಂದರು ಆಕೆ, ಬಾಗಿಲ ಹತ್ತಿರ ನನ್ನನ್ನು ಕರೆದು. ನನಗೆ ಭಯವಾಯಿತು. ನಾಯಿ ಹೋದ ದುಃಖ ಇಷ್ಟೊಂದು ಯಾಕೆ ಅಂತ ಅರ್ಥವಾಗಲಿಲ್ಲ, ಕೊಡಲು ಅವಳೇ ಒಪ್ಪಿದ್ದಳಲ್ಲ.

ಒಂದು ಮಧ್ಯಾಹ್ನ ಗಂಜಿ ಹಿಡಿದು ಅವಳ ಮುಂದೆ ಕೂತೆ. ನನಗೂ ರೇಗಿತ್ತು.

“ಉಪವಾಸ ಬಿದ್ದು ಯಾರ ಮೇಲೆ ಸೇಡು ತೀರಿಸ್ಕೋತಿದೀಯ? ನನ್ನ ಮೇಲಾ? ಬೇಡ ಅಂದಿದ್ದು ನೀನು, ಈಗ ಅಳೋದೂ ನೀನೇ. ಏನು ಬೇಕು ಅಂತಾದ್ರೂ ಹೇಳಿ ಸಾಯಿ!”

ಹೀಗೆ ಅಂದೆ, ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅಕ್ಕ ಕೋಪಿಸಿಕೊಳ್ಳಲಿಲ್ಲ. ನಿಧಾನವಾಗಿ ಎಡಗೈ ಎತ್ತಿ ತೋರುಬೆರಳನ್ನು ನನ್ನ ಎದೆಗೆ ಒತ್ತಿದಳು. ಆಮೇಲೆ ಅದೇ ಬೆರಳು ಉಣ್ಣೆಯ ಬುಟ್ಟಿ ಇದ್ದ ಮೂಲೆಯನ್ನು ತೋರಿಸಿತು. ಮತ್ತೆ ನನ್ನ ಎದೆಗೆ ಬಂತು.

“ಸಾಕು,” ಅಂದಳು.

ಬೇಡವೆನ್ನುವಾಗಿನ ದನಿಯಲ್ಲ ಅದು. ತುಳಿ, ಬಿಚ್ಚು, ಹೊಲಿ ಅನ್ನುತ್ತಿದ್ದ ದನಿ. ಗಂಜಿಯ ಬಟ್ಟಲನ್ನು ಕೆಳಗಿಟ್ಟೆ. ಆಸ್ಪತ್ರೆಯಲ್ಲಿ ಆ ದಿನ ಅವಳು ಭಾವನ ಮುಖ ನೋಡಿ ಹೇಳಿರಲಿಲ್ಲ. ಅವಳ ಎಡಗೈ ಎದ್ದದ್ದು ಕಾಲ ಬುಡದಲ್ಲಿದ್ದ ನನ್ನ ಕಡೆಗೆ. ನಾನು ಹೊದಿಕೆ ಮಡಿಸುತ್ತಿದ್ದೆ.

ಸಂಜೆ ಭಾವ ಬಂದು ಚೀಲ ಇಳಿಸುವುದನ್ನೇ ಕಾಯುತ್ತಿದ್ದೆ.

“ಭಾವ, ಅಕ್ಕ ಯಾವತ್ತಾದ್ರೂ ನಿಮಗೆ ಬಾ, ಹೋಗು ಅಂದಿದ್ದುಂಟಾ?”

“ಇಲ್ಲಮ್ಮ. ಜಗಳ ಆಡಿದ್ರೂ ಬನ್ನಿ ಹೋಗಿ ಅಂತಾನೇ ಆಡ್ತಾಳೆ. ಯಾಕೆ?”

“ಇನ್ನು ಬೇಡ ಅನ್ನೋದಿದ್ರೆ ಏನಂತಾಳೆ?”

“ಸಾಕ್ರೀ ಅಂತಾಳೆ.” ಭಾವನಿಗೆ ನಗು ಬಂತು. “ದಿನಕ್ಕೆ ಎಷ್ಟೋ ಸಲ.”

“ಅದೇ ನಾಯೀನ ನೀವೇ ನೋಡ್ಕೊಳ್ಳಿ, ನೀವೇ ಸಲಹಿ ಅನ್ನೋದಿದ್ರೆ?”

“ಅದನ್ನ... ನೀವೇ ಸಾಕಿ ಅಂತಾಳೆ,” ಅಂದವರು ಅಲ್ಲಿಗೇ ನಿಂತರು. ಚೀಲದಿಂದ ತೆಗೆದ ಸ್ಕ್ರೂಡ್ರೈವರು ಕೈಯಲ್ಲೇ ಉಳಿಯಿತು.

“ಅವಳು ನಿಮಗೆ ಹೇಳ್ಲೇ ಇಲ್ಲ ಭಾವ. ನನಗೆ ಹೇಳಿದ್ಲು. ನಾಯಿ ಸಾಕು ಅಂತ ಅಲ್ಲ, ನಾಯೀನ ಸಾಕು ಅಂತ.”

ಭಾವ ಕುರ್ಚಿಯ ಮೇಲೆ ಕುಸಿದರು. “ಅಯ್ಯೋ, ಎಂಥಾ ಕೆಲ್ಸ ಮಾಡ್ಬಿಟ್ಟೆ. ಅವಳ ಮಾತಿಗೇ ನಾನು...” ಅಂತ ತಲೆ ಚಚ್ಚಿಕೊಂಡರು. ನೀವೊಬ್ಬರೇ ಅಲ್ಲ, ಇಬ್ಬರೂ ಸೇರಿ ಮಾಡಿದೆವು ಅಂದೆ. ಆ ಒಂದು ಮಾತು ಹೊರತರಲು ಅವಳು ಎಷ್ಟು ಪಾಡು ಪಟ್ಟಿದ್ದಳು. ಇರುವುದು ಬೆರಳೆಣಿಕೆಯ ಮಾತು, ಅದರಲ್ಲೊಂದನ್ನು ನಮಗೆ ಕೊಟ್ಟಿದ್ದಳು, ನಾವು ಅದನ್ನು ತಿರುವಿಹಾಕಿ ಅವಳ ನಾಯಿಯನ್ನೇ ಸಾಗಿಸಿಬಿಟ್ಟಿದ್ದೆವು.

ಮರುದಿನ ಬೆಳಗ್ಗೆ ಚಪ್ಪಲಿ ಅಂಗಡಿಯವನ ಹೆಂಡತಿಯನ್ನು ಅಕ್ಕನ ಹತ್ತಿರ ಕೂರಿಸಿ ಕನ್ನಡಕದ ಅಂಗಡಿಗೆ ಹೋದೆ. ಭಾವ ಬರುತ್ತೇನೆ ಅಂದರು, ಬೇಡ ಅಂದೆ. ಇಲ್ಲ ಅನ್ನಲು ಬಾರದವರು ಕೊಟ್ಟದ್ದನ್ನು ವಾಪಸು ಕೇಳಬಲ್ಲರೇ?

ಗಾಜಿನ ಬಾಗಿಲಿನ ಆಚೆ, ನೂರಾರು ಕನ್ನಡಕಗಳ ಕೆಳಗೆ, ಹೊಸ ಮೆತ್ತೆಯ ಮೇಲೆ ಉಣ್ಣೆ ಮಲಗಿತ್ತು. ನನ್ನನ್ನು ಕಂಡದ್ದೇ ಎದ್ದು ಬಾಗಿಲಿಗೆ ಮೂಗು ಒತ್ತಿತು. ಒಂದು ಕಣ್ಣು ಅರ್ಧ ಮುಚ್ಚಿತ್ತು. ನನಗೆ ರಕ್ತ ಕುದಿಯಿತು. ಒಳಗೆ ಹೋಗಿ ನಮಸ್ಕಾರವೂ ಹೇಳದೆ, “ಕಣ್ಣಿಗೆ ಏನ್ ಮಾಡಿದ್ರಿ?” ಅಂದೆ.

ಕನ್ನಡಕದವರು ವಯಸ್ಸಾದ ಮೆದು ಮನುಷ್ಯ. “ಕೂದಲು ಚುಚ್ಚಿ ಗಾಯ ಆಗಿದೆಯಂತೆ. ಜುಟ್ಟು ಕಟ್ಟೋಕೆ ನಮಗೆ ಕೂಡ್ಲೇ ಬರ್ಲಿಲ್ಲ. ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ವಿ, ಮುಲಾಮು ಕೊಟ್ಟಿದ್ದಾರೆ, ತಪ್ಪದೆ ಹಾಕ್ತಿದೀವಿ,” ಅಂದರು. ಅವರ ಹೆಂಡತಿ ಆಗಲೇ ಉಣ್ಣೆಯನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡಿದ್ದರು. ನಾನು ಬಂದ ಕಾರಣ ಅವರಿಗೆ ಹೇಗೋ ಗೊತ್ತಾಗಿಹೋಗಿತ್ತು. ಜಗಳಕ್ಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತೆಲ್ಲ ವ್ಯರ್ಥವಾಯಿತು. ಒಳ್ಳೆಯವರ ಜೊತೆ ಜಗಳವಾಡುವಷ್ಟು ಕಷ್ಟ ಬೇರೆಯಿಲ್ಲ.

ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಆ ಒಂದು ಮಾತಿನ ಎರಡು ಅರ್ಥವನ್ನು ಹೇಳಿದಾಗ ಕನ್ನಡಕದವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಹೆಂಡತಿ ಮಾತ್ರ ಹಿಡಿತ ಸಡಿಲಿಸಲಿಲ್ಲ.

“ನಿಮ್ಮ ಅಕ್ಕನಿಗೆ ಕೈ ಆಡಲ್ಲ,” ಅಂದರು. “ನಿಮ್ಮ ಭಾವ ಮನೇಲಿರಲ್ಲ. ಇದಕ್ಕೆ ದಿನಾ ಕಣ್ಣು ತೊಳೀಬೇಕು, ಬಾಚ್ಬೇಕು, ಮುಲಾಮು ಹಾಕ್ಬೇಕು. ನಿಮಗೆ ನಾಯಿ ಕಂಡ್ರೆ ಆಗಲ್ಲ ಅಂತ ನಿಮ್ಮ ಭಾವನೇ ಹೇಳಿದ್ರು. ಬೇಜಾರು ಮಾಡ್ಕೋಬೇಡಿ, ಅಲ್ಲಿ ಇದನ್ನ ನೋಡ್ಕೊಳ್ಳೋರು ಯಾರು?”

ನ್ಯಾಯವಾದ ಪ್ರಶ್ನೆ. ಅಕ್ಕನಿಗೋಸ್ಕರ ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಆ ಹೆಂಗಸು ಕೇಳಿದ್ದು ಅದನ್ನಲ್ಲ.

“ನಾನು,” ಅಂದೆ. “ನಾನು ಸಾಕ್ತೀನಿ. ಬಾಯಿ ಕೆಟ್ಟದ್ದು ನಂದು, ಬೈತಾನೇ ಇರ್ತೀನಿ. ಆದ್ರೆ ಅಕ್ಕ ಆಸ್ಪತ್ರೇಲಿದ್ದಾಗ ಇದರ ಮೈಯಲ್ಲಿ ಒಂದು ಗಂಟು ಉಳಿಸಿಲ್ಲ. ಬೇಕಾದ್ರೆ ಕಿವಿ ಹಿಂದೆ ಬೆರಳಿಟ್ಟು ನೋಡಿ, ನಿಮ್ಮಲ್ಲಿ ಆಗಿರೋ ಗಂಟು ಅಲ್ಲಿರುತ್ತೆ, ನಾನು ಬಿಡಿಸ್ತೀನಿ, ನೋಡಿ.”

ಅಲ್ಲೇ ಕೌಂಟರಿನ ಮೇಲೆ, ಕನ್ನಡಕಗಳನ್ನು ಪಕ್ಕಕ್ಕೆ ಸರಿಸಿ, ಬಿಡಿಸಿದೆ. ಬುಡ ಹಿಡಿದು, ತುದಿಯಿಂದ. ಉಣ್ಣೆ ನನ್ನ ಮೊಣಕೈಗೆ ಗಲ್ಲವಿಟ್ಟು ನಿಟ್ಟುಸಿರು ಬಿಟ್ಟಿತು. ಆಕೆ ಅದನ್ನು ನೋಡಿ ಒಳಗೆ ಹೋದರು, ಹೊರಗೆ ಬರುವಾಗ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಮುಲಾಮಿನ ಟ್ಯೂಬಿತ್ತು. “ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಮರೀಬೇಡಿ. ನಾನು ಆಗಾಗ ಬಂದು ನೋಡ್ಕೊಂಡು ಹೋಗ್ತೀನಿ,” ಅಂದರು. “ದಿನಾ ಬನ್ನಿ,” ಅಂದೆ. ಬಾಯಿಮಾತಿಗಲ್ಲ, ಮನಸಾರೆ ಅಂದೆ.

ಮನೆಗೆ ಬಂದಾಗ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ನಾನು ಏನೂ ಹೇಳದೆ ಉಣ್ಣೆಯನ್ನು ಅವಳ ಮಡಿಲಲ್ಲಿ ಇಳಿಸಿದೆ. ಅದು ಹುಚ್ಚು ಹಿಡಿದಂತೆ ಅವಳ ಗಲ್ಲ, ಕಿವಿ, ಆಡದ ಕೈ, ಎಲ್ಲವನ್ನೂ ನೆಕ್ಕಿತು. ಅಕ್ಕ ಅದರ ತಲೆಗೆ ಕೆನ್ನೆ ಹಚ್ಚಿಕೊಂಡು ನಕ್ಕಳು, ಎಳೆದುಕೊಂಡ ಬಾಯಲ್ಲೇ. ಅಷ್ಟು ದಿನವಾದ ಮೇಲೆ ಅವಳ ನಗು. ನನ್ನ ಕೆಲಸ ಮುಗಿಯಿತು, ಇವಳ ನಾಯಿ ಇವಳಿಗೆ ಸೇರಿತು, ಇನ್ನು ಚೆಂಡು ಹಿಡಿಯುತ್ತಾಳೆ, ಗಂಜಿ ಕುಡಿಯುತ್ತಾಳೆ ಅಂದುಕೊಂಡೆ.

ಅಕ್ಕ ಒಂದಿಷ್ಟು ಹೊತ್ತು ಅದನ್ನು ನೇವರಿಸಿದಳು. ಆಮೇಲೆ ಎಡಗೈಯನ್ನು ಅದರ ಹೊಟ್ಟೆಯ ಕೆಳಗೆ ತೂರಿಸಿ, ಒಂದೇ ಕೈಯಲ್ಲಿ ಏದುತ್ತ ಎತ್ತಿ, ನನ್ನ ಮಡಿಲಿಗೆ ತಳ್ಳಿದಳು.

“ನಂಗ್ಯಾಕೆ? ನಿಂದು ಇದು, ನೀನೇ ಇಟ್ಕೋ,” ಅಂದೆ. ವಾಪಸು ಅವಳ ಮಡಿಲಲ್ಲಿಟ್ಟೆ. ಅವಳು ಮತ್ತೆ ನನ್ನ ಕಡೆಗೆ ತಳ್ಳಿದಳು. ಪಾಪದ ಪ್ರಾಣಿ ಇಬ್ಬರನ್ನೂ ನೋಡುತ್ತಿತ್ತು, ನಮಗೆ ಬುದ್ಧಿಭ್ರಮಣೆಯಾಗಿದೆಯೋ ಏನೋ ಅಂತ.

“ನಾನು ನೋಡ್ಕೋತೀನಿ ಮಾರಾಯ್ತಿ, ಕಣ್ಣು, ಕೂದಲು, ಎಲ್ಲಾ ನೋಡ್ಕೋತೀನಿ, ನೀನು ನಡೆಯೋವಾಗ ಕಾಲಿಗೆ ಸಿಗದ ಹಾಗೆ ಎತ್ಕೊಂಡಿರ್ತೀನಿ, ಮಾತು ಕೊಟ್ಟು ಬಂದಿದೀನಿ. ಆದ್ರೆ ನಾಯಿ ನಿಂದು. ನಿನಗೋಸ್ಕರ ತಂದಿದ್ದು.”

ಅಕ್ಕ ತಲೆಯಾಡಿಸಿದಳು. ಅಲ್ಲ. ಬಾಯಿ ತೆರೆದು ಮುಚ್ಚಿದಳು. ಹಣೆಯಲ್ಲಿ ನರ ಉಬ್ಬಿತು. ಮಾತು ಕಲಿಸಲು ಬರುವಾಕೆಯ ಮುಂದೆ ತೆರೆಯದಿದ್ದ ಬಾಯಿ ಈಗ ಏನನ್ನೋ ಹಿಡಿದು ಎಳೆಯುತ್ತಿತ್ತು. ಏನು, ನೀರಾ ಅಂದೆ. ಅಲ್ಲ. ಬೆರಳಿನಿಂದ ನನ್ನ ಕೋಣೆಯನ್ನು ತೋರಿಸಿದಳು, ನಾನು ಮಲಗುವ ಮಂಚವನ್ನು, ಕಿಟಕಿಯನ್ನು, ಅಂಗಡಿಯ ಕಡೆಯ ಬಾಗಿಲನ್ನು, ಕೊನೆಗೆ ನನ್ನನ್ನು.

“ಒಬ್...” ಅಂದಳು. ನಿಂತಳು. ಮತ್ತೆ, “ಒಬ್ಳೇ. ನೀನು.”

ಎಷ್ಟೋ ವರ್ಷಗಳಿಂದ ಅವಳು ರಾತ್ರಿ ದೀಪ ಆರಿಸಿ ಮಹಡಿ ಹತ್ತಿ ಹೋದ ಮೇಲೆ ನಾನು ಈ ಕೋಣೆಗೆ ಬರುತ್ತಿದ್ದೆ. ಒಂದು ದಿನವೂ ಅವಳು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಬಂದ ದಿನ ಏನಾಯಿತೆಂದು ಕೇಳದವಳು ಇದನ್ನು ಕೇಳುತ್ತಾಳೆಯೇ ಅಂದುಕೊಂಡಿದ್ದೆ. ಕೇಳದಿದ್ದವಳು ಮರೆತಿರಲಿಲ್ಲ. ಆಸ್ಪತ್ರೆಯ ಹಾಸಿಗೆಯ ಮೇಲೆ ಅರ್ಧ ಮೈ ಸತ್ತು ಮಲಗಿ, ತಾನು ಉಳಿಯುತ್ತೇನೋ ಇಲ್ಲವೋ ತಿಳಿಯದೆ, ಅವಳು ಚಿಂತೆ ಮಾಡಿದ್ದು ನಾಯಿಗೆ ಯಾರು ಗತಿ ಅಂತಲ್ಲ.

“ಒಬ್ಳೇ ಅಂತೆ ಒಬ್ಳೇ!” ಅಂದೆ. “ನೀನೆಲ್ಲಿಗೆ ಹೊರಟಿದೀಯ? ನೀನು ಇರ್ತೀಯ. ಚೆಂಡು ಹಿಡೀತೀಯ, ನಡೀತೀಯ, ನನ್ನ ಪ್ರಾಣ ತಿಂತೀಯ. ಕೇಳಿಸ್ತಾ?”

“ಹೂಂ,” ಅಂದಳು ಅಕ್ಕ, ಮಗುವನ್ನು ರಮಿಸುವ ಹಾಗೆ. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ನನಗೇ ನಂಬಿಕೆಯಿರಲಿಲ್ಲ.

ಉಣ್ಣೆ ನನ್ನ ಮಡಿಲಲ್ಲಿ ಸುತ್ತು ತಿರುಗಿ ಜಾಗ ಮಾಡಿಕೊಂಡು ಕೂತಿತ್ತು. ಮುಲಾಮಿನ ಹೊತ್ತಾಗಿತ್ತು. ನನಗೆ ಕಣ್ಣು ಮಂಜಾಗಿ ಟ್ಯೂಬಿನ ಬಾಯಿಯೇ ಕಾಣುತ್ತಿರಲಿಲ್ಲ. ಅಕ್ಕ ಮುಂದಕ್ಕೆ ಬಾಗಿ, ಎಡಗೈಯಲ್ಲಿ ನಾಯಿಯ ತಲೆಯನ್ನು ಅಲ್ಲಾಡದಂತೆ ಹಿಡಿದು, ನಾನು ಅಳು ಮುಗಿಸುವುದನ್ನು ಕಾಯುತ್ತ ಕೂತಳು.